ಔಟ್ ಆದ ಮಗು ಸುಮ್ನೆ ಕೂರದಿರಲಿ

ನಮ್ಮ ಬಡಾವಣೆಯ ಮಕ್ಕಳ ಸಂಘ ಶುರುವಾದ ಹೊಸತು. ಭಾನುವಾರ ಬೆಳಿಗ್ಗೆ, ಶಾಲೆ ಮೈದಾನ, 24 ಮಕ್ಕಳು. ಕೆರೆ-ದಡ ಆಡಿಸಿದೆ. ಎರಡನೇ ಕೂಗಿಗೇ ಎಂಟು ವರ್ಷದ ಹುಡುಗಿಯೊಬ್ಬಳು ತಪ್ಪಾಗಿ ನೆಗೆದು ಔಟಾದಳು. ಧ್ವಜದ ಕಟ್ಟೆ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತಳು. ಆಟ ಮುಗಿಯುವ ಹೊತ್ತಿಗೆ ಕಡ್ಡಿಯಲ್ಲಿ ಮಣ್ಣಿನ ಮೇಲೆ ಒಂದು ಇಡೀ ಮನೆ ಬರೆದಿದ್ದಳು. ಬಾಗಿಲು, ಕಿಟಕಿ, ಮುಂದೆ ತುಳಸಿ ಕಟ್ಟೆ. ಚಿತ್ರ ಚೆನ್ನಾಗಿತ್ತು. ಆದರೆ ಓಡಾಡಿ ಆಡಲಿ ಅಂತ ಅಮ್ಮ ಕಳಿಸಿದ್ದ ಮಗು ಅದು. ಆ ಆಟದಲ್ಲಿ ಅವಳು ನೆಗೆದದ್ದು ಎರಡೇ ಸಲ.

ಬೇಗ ಔಟಾಗುವವರು ಯಾರು ಹೇಳಿ? ನಿಧಾನ ಇರುವವರು, ಚಿಕ್ಕವರು, ಆಟ ಅಷ್ಟಾಗಿ ರೂಢಿ ಇಲ್ಲದವರು. ಆಟ ಜಾಸ್ತಿ ಬೇಕಾದದ್ದೂ ಅವರಿಗೇ ಅಲ್ವಾ? 5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈದಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂತು ನೋಡಿದ ಹೊತ್ತು ಆ ಲೆಕ್ಕಕ್ಕೆ ಬರುವುದಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ: ಔಟಾದವರು ಒಂದು ನಿಮಿಷದೊಳಗೆ ಮತ್ತೆ ಆಟದಲ್ಲಿರಬೇಕು. ಇದಕ್ಕಾಗಿ ಹೊಸ ಆಟ ಹುಡುಕಬೇಕಿಲ್ಲ. ನಮ್ಮ ಆಟಗಳಲ್ಲೇ ಒಂದೊಂದು ಗಂಟು ಬದಲಿಸಿದರೆ ಸಾಕು.

ಮೊದಲು ಮೈದಾನ ನೋಡಿ

ಮಕ್ಕಳು ಬರುವ ಕಾಲು ಗಂಟೆ ಮೊದಲು ನೀವು ಹೋಗಿ. ಮೈದಾನವನ್ನು ಒಂದು ಸುತ್ತು ನಡೆಯಿರಿ. ಗಾಜಿನ ಚೂರು, ಮೊಳೆ, ಗುಂಡಿ ನೋಡಿಕೊಳ್ಳಿ. ಗೆರೆ ಹಾಕಲು ರಂಗೋಲಿ ಪುಡಿ ಒಳ್ಳೆಯದು. ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಬೇಸಿಗೆಯಲ್ಲಿ ಏಳೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಒಂದು ಸೀಟಿ, ಎರಡು ಟೆನಿಸ್ ಚೆಂಡು, ನಾಲ್ಕು ಕರ್ಚೀಫು, ಒಂದು ಬಿಂದಿಗೆ ನೀರು. ಇಷ್ಟಿದ್ದರೆ ಆಟ ನಡೆಯುತ್ತದೆ.

ತಂಡ ಮಾಡುವಾಗ ಯಾರೂ ಕೊನೆಗೆ ಉಳಿಯಬಾರದು

ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗುವಿನ ಮುಖ ಒಮ್ಮೆ ನೋಡಿದರೆ ಸಾಕು, ಮತ್ತೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಹಳ್ಳಿ ಮಕ್ಕಳ ಹಳೆಯ ಉಪಾಯ ಇದಕ್ಕಿಂತ ಚೆಂದ. ಹೆಚ್ಚುಕಡಿಮೆ ಒಂದೇ ಸಮ ಓಡುವ ಇಬ್ಬಿಬ್ಬರು ಜೋಡಿಯಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗುತ್ತಾರೆ. ಪಿಸುಗುಟ್ಟಿ ಗುಟ್ಟಿನ ಹೆಸರು ಇಟ್ಟುಕೊಳ್ಳುತ್ತಾರೆ. ವಾಪಸ್ ಬಂದು ನಾಯಕರ ಮುಂದೆ ನಿಂತು "ಮಾವು ಬೇಕಾ, ಹಲಸು ಬೇಕಾ?" ಅಂತ ಕೇಳುತ್ತಾರೆ. ಮಾವು ಅಂದವರಿಗೆ ಮಾವು, ಇನ್ನೊಬ್ಬರಿಗೆ ಹಲಸು. ತಂಡಗಳು ತಾವಾಗಿಯೇ ಸರಿಸಮ ಆಗುತ್ತವೆ. ಯಾರನ್ನು ಯಾರೂ ಬೇಡ ಅಂದಂತಾಗುವುದಿಲ್ಲ.

ಅಕ್ಕನ ಜೊತೆ ಬಂದ ನಾಲ್ಕು ವರ್ಷದ ತಮ್ಮನಿದ್ದರೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನೂ ಓಡಲಿ. ಅವನನ್ನು ಮುಟ್ಟಿದರೆ ಔಟಿಲ್ಲ, ಅವನು ಮುಟ್ಟಿದರೂ ಔಟಿಲ್ಲ.

ಮೈ ಬಿಸಿ ಮಾಡಲು ಕೆರೆ-ದಡ

ಒಂದರ ಬದಲು ಎರಡು ದೊಡ್ಡ ವೃತ್ತ ಬರೆಯಿರಿ, ನಡುವೆ ಹತ್ತು ಹೆಜ್ಜೆ ಅಂತರ ಇರಲಿ. ಮಕ್ಕಳನ್ನು ಎರಡಕ್ಕೂ ಹಂಚಿ, ಗೆರೆಯ ಹೊರಗೆ ನಿಲ್ಲಿಸಿ. "ಕೆರೆ" ಅಂದರೆ ಒಳಕ್ಕೆ ನೆಗೆಯಬೇಕು, "ದಡ" ಅಂದರೆ ಹೊರಕ್ಕೆ. ತಪ್ಪಿದವರು ಔಟಲ್ಲ, ಓಡಿಹೋಗಿ ಇನ್ನೊಂದು ಕೆರೆ ಸೇರಬೇಕು. ಅಲ್ಲೂ ತಪ್ಪಿದರೆ ವಾಪಸ್. ಹೆಚ್ಚು ತಪ್ಪು ಮಾಡಿದವರಿಗೆ ಹೆಚ್ಚು ಓಟ! ಕೂಗುವವರು ಒಂದೇ ಲಯದಲ್ಲಿ ಕೂಗಬಾರದು. "ಕೆರೆ... ದಡ... ದಡ!" ಅಂದಾಗ ಅರ್ಧ ಜನ ಖಂಡಿತ ಒಳಗಿರುತ್ತಾರೆ. ಎಂಟು ನಿಮಿಷ ಸಾಕು.

ಮುಟ್ಟಾಟದ ಎರಡು ರೂಪ

ಬೆಂಗಳೂರಿನ ಬೀದಿಗಳ ಲಾಕ್ ಅಂಡ್ ಕೀ ನಿಮಗೆ ಗೊತ್ತಿರಬಹುದು. ಹಿಡಿಯುವವರು ಮೂವರು, ಅವರ ಮಣಿಕಟ್ಟಿಗೆ ಕರ್ಚೀಫು ಕಟ್ಟಿ. ಮುಟ್ಟಿಸಿಕೊಂಡವರು ಅಲ್ಲೇ ಕಲ್ಲಿನಂತೆ ನಿಲ್ಲಬೇಕು. ಜೊತೆಗಾರರು ಬಂದು ಭುಜ ಮುಟ್ಟಿ "ಕೀ" ಅಂದರೆ ಬಿಡುಗಡೆ. ಮೂರು ನಿಮಿಷಕ್ಕೊಮ್ಮೆ ಹಿಡಿಯುವವರನ್ನು ಬದಲಿಸಿ, ಇಲ್ಲದಿದ್ದರೆ ಅವರು ಸುಸ್ತಾಗಿ ಬೇಸರಪಡುತ್ತಾರೆ.

ಇನ್ನೊಂದು ಸರಪಳಿ. ಸಿಕ್ಕವರು ಹಿಡಿದವರ ಕೈ ಹಿಡಿದು ಜೊತೆಗೇ ಓಡಬೇಕು. ಸರಪಳಿಯಲ್ಲಿ ನಾಲ್ವರಾದ ಕೂಡಲೇ ಇಬ್ಬಿಬ್ಬರಾಗಿ ಒಡೆಯಿರಿ. ಉದ್ದ ಬಿಟ್ಟರೆ ತುದಿಯಲ್ಲಿರುವ ಚಿಕ್ಕವರು ಬೀಳುತ್ತಾರೆ.

ಲಗೋರಿಗೆ ಅರ್ಧ ಗಂಟೆ ಇಡಿ

ನನ್ನ ಕೇಳಿದರೆ ಲಗೋರಿಗಿಂತ ದೊಡ್ಡ ಗುಂಪಾಟ ಇಲ್ಲ. ಗುರಿ ಇದೆ, ಓಟ ಇದೆ, ಕೈಚಳಕ ಇದೆ, ಜೊತೆಯವರನ್ನು ಕಾಯುವುದೂ ಇದೆ. ಹೆಂಚಿನ ಏಳು ಚೂರು ಆರಿಸಿ, ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ. ಅಗಲದ್ದು ಕೆಳಗೆ, ಚಿಕ್ಕದು ಮೇಲೆ. ಸುತ್ತ ಒಂದು ಸಣ್ಣ ವೃತ್ತ ಬರೆಯಿರಿ. ದೊಡ್ಡವರ ಆರು ಹೆಜ್ಜೆ ದೂರದಲ್ಲಿ ಎಸೆಯುವ ಗೆರೆ ಇರಲಿ, ಹತ್ತು ವರ್ಷದ ಒಳಗಿನವರಿಗೆ ನಾಲ್ಕು ಹೆಜ್ಜೆ.

ಒಂದು ತಂಡದವರು ಸರದಿಯಂತೆ ಎಸೆಯುತ್ತಾರೆ, ಒಬ್ಬರಿಗೆ ಮೂರು ಅವಕಾಶ. ಕಲ್ಲು ಉರುಳಿದ ಕ್ಷಣ ಎಲ್ಲ ಬದಲಾಗುತ್ತದೆ. ಉರುಳಿಸಿದ ತಂಡ ಮತ್ತೆ ಜೋಡಿಸಬೇಕು, ಎದುರಾಳಿಗಳು ಚೆಂಡಿನಿಂದ ಹೊಡೆದು ತಡೆಯಬೇಕು. ಚೆಂಡು ಕೈಯಲ್ಲಿದ್ದವರು ಓಡುವಂತಿಲ್ಲ, ಎಸೆದು ದಾಟಿಸಬೇಕು. ಹಾಗಾಗಿ ಜೋರಾಗಿ ಓಡುವ ಒಬ್ಬನೇ ಆಟ ನುಂಗುವುದಿಲ್ಲ. ಸೊಂಟದ ಕೆಳಗೆ ಮಾತ್ರ ಹೊಡೆಯಬೇಕು. ಇದನ್ನು ಮೊದಲೇ, ಎರಡು ಸಲ ಹೇಳಿ. ಮೇಲಕ್ಕೆ ಹೊಡೆದರೆ ಚೆಂಡು ಎದುರಿನ ತಂಡಕ್ಕೆ.

ಇನ್ನು ನಮ್ಮ ಬದಲಾವಣೆ. ಚೆಂಡು ತಗುಲಿದವರು ಔಟಲ್ಲ. ಮೈದಾನದ ಅಂಚಿನ ಬೇವಿನ ಮರದ ತನಕ ಓಡಿ, ಕಾಂಡ ಮುಟ್ಟಿ, ವಾಪಸ್ ಬಂದು ಜೋಡಿಸಬೇಕು. ಮೂರ್ನಾಲ್ಕು ಜನ ಮರದ ಕಡೆ ಓಡುತ್ತಿರುವಾಗ ಕಲ್ಲಿನ ಹತ್ತಿರ ಒಂದೇ ಮಗು ಉಳಿದಿರುತ್ತದೆ. ಕೈ ನಡುಗುತ್ತಾ ಆರನೆಯ ಚೂರು ಇಡುತ್ತದೆ. ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಕಲ್ಲಿನ ಮೇಲೆ. ಏಳನೆಯದು ಕೂತ ಮೇಲೆ "ಲಗೋರಿ!" ಅನ್ನುವ ಕೂಗು ಮೂರನೇ ರಸ್ತೆಗೂ ಕೇಳುತ್ತದೆ. ಐದು ನಿಮಿಷದೊಳಗೆ ಜೋಡಿಸದಿದ್ದರೆ ಸೀಟಿ ಊದಿ ಸರದಿ ಬದಲಿಸಿ.

ಖೋ ಖೋ, ಸ್ವಲ್ಪ ಸಡಿಲಿಸಿ

ಪೂರ್ತಿ ಆಟದಲ್ಲಿ ಅಟ್ಟಿಸುವ ತಂಡದ ಎಂಟು ಜನ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಓಡುವವರು ಮೂವರು ಮೂವರಾಗಿ ಬರುತ್ತಾರೆ. ನೀವು ಐದು ಜನ ಕೂರಿಸಿ ಶುರು ಮಾಡಿ, ಒಂದು ಸರದಿಗೆ ಮೂರೇ ನಿಮಿಷ. ಎರಡು ಅಂಕಣ ಬರೆದರೆ ಎಲ್ಲರಿಗೂ ಕೆಲಸ. ಕಂಬದ ಜಾಗದಲ್ಲಿ ಸಣ್ಣ ವೃತ್ತ ಸಾಕು, ಗಟ್ಟಿ ಕಂಬಕ್ಕೆ ಮಕ್ಕಳು ಡಿಕ್ಕಿ ಹೊಡೆಯುವುದು ಬೇಡ. ಗೆಳೆಯರಿಗೇ ಖೋ ಕೊಡುವ ಚಾಳಿ ಮಕ್ಕಳಲ್ಲಿ ಜಾಸ್ತಿ. ಕೂತ ಎಲ್ಲರಿಗೂ ಒಮ್ಮೆ ಸಿಗುವ ತನಕ ಯಾರಿಗೂ ಎರಡನೇ ಖೋ ಇಲ್ಲ ಅನ್ನಿ. ಸಿಕ್ಕದವರು ಕೈ ಎತ್ತಿಕೊಂಡು ಕೂರಲಿ. ಮುಟ್ಟಿಸಿಕೊಂಡ ಓಟಗಾರರು ಹೊರಗೆ ಹೋದ ಕೂಡಲೇ ಹೊಸಬರು ಒಳಗೆ ಬರಲಿ, ಹೋದವರು ಸರದಿಯ ಕೊನೆಗೆ ಸೇರಲಿ.

ಮಕ್ಕಳಿಗೆ ಒಂದು ವಿಷಯ ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಪುರುಷರಲ್ಲೂ ಮಹಿಳೆಯರಲ್ಲೂ ಭಾರತವೇ ಗೆದ್ದಿತು. ಆ ತಂಡಗಳಲ್ಲಿ ನಮ್ಮ ರಾಜ್ಯದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಇದ್ದರು. ಇದನ್ನು ಕೇಳಿದ ಮೇಲೆ ನಮ್ಮ ಹುಡುಗಿಯರು ಕೂರುವ ಭಂಗಿಯೇ ಬದಲಾಯಿತು.

ಕೊನೆಯ ಹತ್ತು ನಿಮಿಷ

ಬೇವಿನ ನೆರಳಿಗೆ ಕರೆದು ಕೂರಿಸಿ. ನೀರಿನ ಜೊತೆ ಒಂದೊಂದು ಚೂರು ಬೆಲ್ಲ ಕೊಡಿ. ತರಚಿದ ಮಂಡಿಗಳನ್ನು ಶುದ್ಧ ನೀರಲ್ಲಿ ತೊಳೆಯಿರಿ. ಮುಂದಿನ ವಾರ ಯಾವ ಆಟ ಅಂತ ಕೇಳಿ, ಮಾತಾಡದ ಮಕ್ಕಳನ್ನು ಮೊದಲು ಕೇಳಿ. ತಲೆ ಎಣಿಸಿ. ಆಮೇಲೆ ಲಗೋರಿ ಚೂರುಗಳನ್ನು ಮಕ್ಕಳೇ ಎಣಿಸಿ ಚೀಲಕ್ಕೆ ಹಾಕಲಿ. ಏಳಕ್ಕೆ ಒಂದು ಕಡಿಮೆ ಇದ್ದರೆ ಅದು ಸಿಗುವ ತನಕ ಎಲ್ಲರೂ ಸೇರಿ ಹುಡುಕಬೇಕು.