ಒಂಟಾರಿಯೋ ಸ್ಕೂಲ್ ಬೋರ್ಡಲ್ಲಿ ಲೇಬರ್ ರಿಲೇಶನ್ಸ್ ಕೆಲ್ಸ: ದೂರು ಬಂದಾಗ ತನಿಖೆ ಮಾಡೋದು ಹೇಗೆ

ಪೀಣ್ಯದಲ್ಲೋ ಬಿಡದಿಯಲ್ಲೋ ಫ್ಯಾಕ್ಟರಿ ಐಆರ್, ಅಂದ್ರೆ ಕಾರ್ಮಿಕರ ವ್ಯವಹಾರ, ನೋಡ್ಕೊಂಡಿದ್ದು ಈಗ ಕೆನಡಾದ ಬ್ರಾಂಪ್ಟನ್ನು ಮಿಸ್ಸಿಸಾಗಾ ಕಡೆ ಬಂದು, ನಮ್ ಅನುಭವಕ್ಕೆ ಇಲ್ಲಿ ಬೆಲೆ ಇದ್ಯಾ ಅಂತ ಕೇಳೋರಿಗೆ ಇದನ್ನ ಬರೀತಿದೀನಿ. ಬೆಲೆ ಇದೆ, ಅದ್ರಲ್ಲೂ ಸ್ಕೂಲ್ ಬೋರ್ಡುಗಳಲ್ಲಿ, ಯಾಕಂದ್ರೆ ಇಲ್ಲಿ ಟೀಚರ್ಸಿಂದ ಹಿಡಿದು ಕಸ ಗುಡಿಸೋರ ತನಕ ಹೆಚ್ಚುಕಮ್ಮಿ ಎಲ್ರೂ ಯೂನಿಯನ್ನಲ್ಲೇ ಇರ್ತಾರೆ. ನಮ್ಮಲ್ಲಿ ಟೀಚರ್ಸು 'ವರ್ಕ್‌ಮನ್' (ಕಾರ್ಮಿಕ ಕಾನೂನಿನ ರಕ್ಷಣೆ ಸಿಗೋ ಕೆಲಸಗಾರ) ಅಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲೇ ಗೋವಾದ ಸುಂದರಂಬಾಳ್ ಕೇಸಲ್ಲಿ ಹೇಳ್ಬಿಟ್ಟಿತ್ತು, ಇಲ್ಲಿ ಅದು ಪೂರ್ತಿ ಉಲ್ಟಾ, ಟೀಚರ್ಸ್ ಯೂನಿಯನ್ನುಗಳೇ ಎಲ್ಲಕ್ಕಿಂತ ಗಟ್ಟಿ.

ಆದ್ರೆ ಅಲ್ಲಿಂದ ಬರ್ತಾ ಒಂದು ಅಭ್ಯಾಸ ಬಿಟ್ಟು ಬರ್ಬೇಕು, ಅದು ಚಾರ್ಜ್‌ಶೀಟಿಂದ ಶುರು ಮಾಡೋ ಅಭ್ಯಾಸ. ನಮ್ಮ ಡೊಮೆಸ್ಟಿಕ್ ಎನ್‌ಕ್ವೈರಿ (ಕಂಪನಿ ಒಳಗೇ ನಡೆಯೋ ವಿಚಾರಣೆ) ಒಂದು ಸಣ್ಣ ಕೋರ್ಟೇ ಅಲ್ವಾ, ಎನ್‌ಕ್ವೈರಿ ಆಫೀಸರು, ಪ್ರೆಸೆಂಟಿಂಗ್ ಆಫೀಸರು, ಪಾಟೀ ಸವಾಲು, ಎಲ್ಲಾ ಅಲ್ಲೇ ಆಗತ್ತೆ. ಇಲ್ಲಿ ತನಿಖೆ ಮಾಡೋರು ಬರೀ ಏನಾಯ್ತು ಅಂತ ಕಂಡುಹಿಡೀಬೇಕು ಅಷ್ಟೇ, ಶಿಕ್ಷೆ ಏನು ಅನ್ನೋದು ಬೇರೆಯವ್ರ ತಲೆನೋವು. ಪಾಟೀ ಸವಾಲು ಬರೋದು ಆಮೇಲೆ, ಕೇಸು ಆರ್ಬಿಟ್ರೇಟರ್ (ಯೂನಿಯನ್ನು ಬೋರ್ಡಿನ ಜಗಳ ತೀರ್ಮಾನ ಮಾಡೋ ಮಧ್ಯಸ್ಥ) ಮುಂದೆ ಹೋದ್ರೆ, ಆಗ ಸಾಕ್ಷಿ ಕಟ್ಟೇಲಿ ಕೂರೋರು ನೀವೇ ಆಗಿರ್ಬೋದು. ಹಾಗಾಗಿ ಮೊದಲ ದಿನದ ಮೊದಲ ಇಮೇಲಿಂದ್ಲೂ, ಇದನ್ನ ಯೂನಿಯನ್ ಲಾಯರು ಜೋರಾಗಿ ಓದಿದ್ರೆ ಹೇಗಿರತ್ತೆ ಅಂತ ಯೋಚ್ನೆ ಮಾಡಿ ಬರೀರಿ.

ಮೊದ್ಲು ಯಾರು ಯಾರು ಇದಾರೆ ಅಂತ ತಿಳ್ಕೊಳ್ಳಿ. ಒಂಟಾರಿಯೋದಲ್ಲಿ 72 ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡುಗಳಿವೆ, ಇಂಗ್ಲಿಷ್ ಪಬ್ಲಿಕ್, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚಲ್ಲೂ ಅದೇ ಎರಡು. ಇನ್ನು ಯೂನಿಯನ್ನುಗಳು: ಪಬ್ಲಿಕ್ ಎಲಿಮೆಂಟರಿ ಟೀಚರ್ಸಿಗೆ ಎಟ್ಫೋ, ಹೈಸ್ಕೂಲಿಗೆ ಓಎಸ್ಎಸ್‌ಟಿಎಫ್, ಕ್ಯಾಥೊಲಿಕ್ ಕಡೆ ಓಯೆಕ್ಟಾ, ಕ್ಲರ್ಕು ಕಸ್ಟೋಡಿಯನ್ನುಗಳು ಬಹಳ ಕಡೆ ಕ್ಯೂಪಿ. ಪ್ರಿನ್ಸಿಪಾಲು ವೈಸ್ ಪ್ರಿನ್ಸಿಪಾಲುಗಳು 1998ರಿಂದ ಟೀಚರ್ಸ್ ಯೂನಿಯನ್ನಲ್ಲಿಲ್ಲ, ಅವ್ರು ಮ್ಯಾನೇಜ್‌ಮೆಂಟು, ಅಂದ್ರೆ ನಿಮಗೆ ದಿನಾ ಫೋನ್ ಮಾಡಿ ತಲೆ ತಿನ್ನೋರು ಅವ್ರೇ. ಸ್ಕೂಲ್ ಬೋರ್ಡುಗಳ ಒಪ್ಪಂದ ಮಾತುಕತೆ ಬಗ್ಗೆ 2014ರ ಕಾಯ್ದೆ ಬಂದ ಮೇಲೆ ಸಂಬಳದಂಥ ದೊಡ್ಡ ವಿಷ್ಯ ಪ್ರಾವಿನ್ಸ್ ಮಟ್ಟದ ಸೆಂಟ್ರಲ್ ಟೇಬಲ್ಲಲ್ಲಿ ತೀರ್ಮಾನ ಆಗತ್ತೆ, ಉಳಿದದ್ದು ಲೋಕಲ್ಲಾಗಿ. ನಿಮ್ಮ ಬೋರ್ಡಿನ ಎರಡೂ ಒಪ್ಪಂದ ಪ್ರಿಂಟ್ ತೆಗೆದು ಇಟ್ಕೊಳ್ಳಿ, ಶಿಸ್ತು ಕ್ರಮದ ಕಲಮು, ಗ್ರೀವೆನ್ಸ್ (ಒಪ್ಪಂದ ಮೀರಿದೀರಿ ಅಂತ ಯೂನಿಯನ್ ಹಾಕೋ ತಕರಾರು) ಗಡುವು, ಹಳೇ ಲೆಟರ್ ಫೈಲಿಂದ ಯಾವಾಗ ತೆಗೀಬೇಕು ಅನ್ನೋ ಕಲಮು, ಈ ಮೂರಂತೂ ಬಾಯಿಪಾಠ ಇರ್ಬೇಕು.

ದೂರು ಬಂದ ತಕ್ಷಣ ಕೇಳ್ಬೇಕಾದ ಪ್ರಶ್ನೆ ಒಂದೇ, ಇದ್ರಲ್ಲಿ ಮಗುವಿಗೆ ಹಾನಿ ಆಗಿರೋ ಅನುಮಾನ ಇದ್ಯಾ? ಇದ್ರೆ ನಿಮ್ಮ ತನಿಖೆ ಅಲ್ಲೇ ನಿಲ್ಲತ್ತೆ. ಒಂಟಾರಿಯೋ ಕಾನೂನಲ್ಲಿ 16 ವರ್ಷದೊಳಗಿನ ಮಗುವಿನ ವಿಷ್ಯದಲ್ಲಿ ಯಾರಿಗೆ ಅನುಮಾನ ಬಂತೋ ಅವ್ರೇ ಮಕ್ಕಳ ರಕ್ಷಣೆ ನೋಡ್ಕೊಳ್ಳೋ ಚಿಲ್ಡ್ರನ್ಸ್ ಏಡ್ ಸೊಸೈಟಿಗೆ ಫೋನ್ ಮಾಡ್ಬೇಕು, ಪ್ರಿನ್ಸಿಪಾಲಿಗೆ ಹೇಳಿದೀನಿ ಅವ್ರು ಮಾಡ್ತಾರೆ ಅನ್ನೋ ಹಾಗಿಲ್ಲ. ಸೊಸೈಟಿನೋ ಪೊಲೀಸೋ ತನಿಖೆ ಮಾಡ್ತಿರೋವಾಗ ನೀವು ಮಧ್ಯ ಹೋಗಿ ಮಕ್ಕಳನ್ನ ಕೂರಿಸ್ಕೊಂಡು ಪ್ರಶ್ನೆ ಕೇಳಿದ್ರೆ ಅವರ ಕೇಸೂ ಹಾಳು ನಿಮ್ಮದೂ ಹಾಳು, ಅವ್ರು ಮುಂದುವರೀರಿ ಅನ್ನೋವರೆಗೂ ಕಾಯಿರಿ. ಟೀಚರ್ರನ್ನ ಅಷ್ಟು ದಿನ ಸಾಮಾನ್ಯವಾಗಿ ಸಂಬಳ ಕೊಟ್ಟು ಮನೇಲಿ ಇರಿಸ್ತಾರೆ, ಹೋಮ್ ಅಸೈನ್‌ಮೆಂಟ್ ಅಂತಾರೆ. ಅದು ಶಿಕ್ಷೆ ಅಲ್ಲ ಅಂತ ಲೆಟರಲ್ಲಿ ಸ್ಪಷ್ಟವಾಗಿ ಬರೀರಿ, ಆದ್ರೂ ಆ ಮನುಷ್ಯನಿಗೆ ಶಿಕ್ಷೆ ಥರಾನೇ ಅನ್ಸತ್ತೆ, ಅದಕ್ಕೇ ವಾರಕ್ಕೊಂದ್ಸಲ ಏನಾಗ್ತಿದೆ ಅಂತ ಯೂನಿಯನ್ನಿಗೆ ಒಂದು ಸಾಲು ಕಳಿಸಿದ್ರೆ ಅರ್ಧ ಜಗಳ ಕಮ್ಮಿ ಆಗತ್ತೆ.

ದೊಡ್ಡೋರ ನಡುವಿನ ಕಿರುಕುಳದ ದೂರಾದ್ರೆ ದಾರಿ ಬೇರೆ, ಅಲ್ಲಿ ಆಕ್ಯುಪೇಷನಲ್ ಹೆಲ್ತ್ ಅಂಡ್ ಸೇಫ್ಟಿ ಆಕ್ಟ್ ಪ್ರಕಾರ ಸಂದರ್ಭಕ್ಕೆ ತಕ್ಕ ತನಿಖೆ ಮಾಡ್ಲೇಬೇಕು, ಮಾಡ್ದಿದ್ರೆ ಅಥವಾ ಕಾಟಾಚಾರಕ್ಕೆ ಮಾಡಿದ್ರೆ ಲೇಬರ್ ಮಿನಿಸ್ಟ್ರಿ ಇನ್‌ಸ್ಪೆಕ್ಟರು ಬಂದು, ಹೊರಗಿನವ್ರ ಕೈಲಿ ನಿಮ್ಮ ಖರ್ಚಲ್ಲೇ ಮಾಡಿಸಿ ಅಂತ ಆರ್ಡರ್ ಕೊಡ್ಬೋದು. ಮಿನಿಸ್ಟ್ರಿಯ ಕೋಡ್ ಆಫ್ ಪ್ರಾಕ್ಟೀಸಲ್ಲಿ 90 ದಿನದೊಳಗೆ ಮುಗಿಸಿ, ಮುಗಿದ 10 ದಿನದಲ್ಲಿ ಇಬ್ರಿಗೂ ಫಲಿತಾಂಶ ಬರವಣಿಗೆಯಲ್ಲಿ ಕೊಡಿ ಅಂತಿದೆ. ಫಲಿತಾಂಶ ಅಂದೆ, ರಿಪೋರ್ಟ್ ಅಲ್ಲ, ಪೂರ್ತಿ ರಿಪೋರ್ಟ್ ಕೊಡ್ಬೇಕು ಅಂತ ಆ ಕಾಯ್ದೆ ಹೇಳಲ್ಲ. ಬೇಸಿಗೆ ರಜ ಮಧ್ಯ ಬಂದ್ರೆ ಸಾಕ್ಷಿಗಳೆಲ್ಲ ಊರು ಬಿಟ್ಟಿರ್ತಾರೆ, ಹಾಗಾಗಿ ಮೇ ತಿಂಗಳಲ್ಲಿ ಬಂದ ದೂರನ್ನ ಜೂನ್ ಕೊನೇ ವಾರದ ತನಕ ಎಳೀಬೇಡಿ.

ಇನ್ನು ಇಂಟರ್ವ್ಯೂ. ದೂರು ಕೊಟ್ಟವ್ರು ಮೊದ್ಲು, ಸಾಕ್ಷಿಗಳು ಆಮೇಲೆ, ಯಾರ ಮೇಲೆ ದೂರಿದ್ಯೋ ಅವ್ರು ಸಾಮಾನ್ಯವಾಗಿ ಕೊನೇಲಿ, ಹೊಸ ವಿಷ್ಯ ಬಂದ್ರೆ ಮತ್ತೆ ಒಂದು ಸುತ್ತು. ಅವ್ರಿಗೆ ಆರೋಪ ಏನು ಅಂತ ಮೊದ್ಲೇ ತಿಳಿಸ್ಬೇಕು, ದಿನ, ಜಾಗ, ಆಡಿದ ಮಾತು ಸಮೇತ. 'ಅನುಚಿತ ವರ್ತನೆ' ಅಂತ ಮೊಗಮ್ಮಾಗಿ ಬರೆದು ಕರೆಸಿದ್ರೆ ಯೂನಿಯನ್ ರೆಪ್ ಮೊದಲ ಐದು ನಿಮಿಷದಲ್ಲೇ ಮೀಟಿಂಗ್ ನಿಲ್ಲಿಸ್ತಾರೆ, ನಿಲ್ಲಿಸ್ಲೂ ಬೇಕು. ರೆಪ್ ಇರೋದು ಕಿರಿಕಿರಿ ಅನ್ಕೋಬೇಡಿ, ರೆಪ್ ಕೂತಿದ್ದ ಇಂಟರ್ವ್ಯೂ ಆರ್ಬಿಟ್ರೇಷನ್ನಲ್ಲಿ ಗಟ್ಟಿಯಾಗಿ ನಿಲ್ಲತ್ತೆ. ಪ್ರಶ್ನೆ ಹೌದು-ಇಲ್ಲ ಅನ್ನೋದ್ರಲ್ಲಿ ಮುಗಿಯೋ ಥರ ಬೇಡ, ಅವ್ರೇ ಬಿಡಿಸಿ ಹೇಳೋ ಹಾಗಿರ್ಲಿ, "ನೀವು ಅವನ ಮೇಲೆ ಕೂಗಾಡಿದ್ರಾ" ಅನ್ನೋ ಬದ್ಲು "ಆಗ ಏನ್ ಹೇಳಿದ್ರಿ, ಯಾವ ದನೀಲಿ ಹೇಳಿದ್ರಿ" ಅಂತ. ನೋಟ್ಸಲ್ಲಿ ಅವ್ರ ಮಾತು ಅವ್ರ ಬಾಯಲ್ಲಿ ಬಂದಂಗೇ ಇರ್ಲಿ, ನಿಮ್ಮ ಅಭಿಪ್ರಾಯ ಅಂಚಲ್ಲೂ ಬರೀಬೇಡಿ.

ಟೀಚರ್ರೇ ಟೀಚರ್ ವಿರುದ್ಧ ಸಾಕ್ಷಿ ಹೇಳೋವಾಗ ಒಂದು ಗಂಟು ಇದೆ, ಹೊಸಬ್ರಿಗೆ ಇದು ಗೊತ್ತೇ ಇರಲ್ಲ. ಟೀಚಿಂಗ್ ಪ್ರೊಫೆಷನ್ ಆಕ್ಟ್ ಕೆಳಗಿನ ನಿಯಮ ಏನ್ ಹೇಳತ್ತೆ ಅಂದ್ರೆ, ಒಬ್ಬ ಟೀಚರ್ ಇನ್ನೊಬ್ಬ ಟೀಚರ್ ಮೇಲೆ ಪ್ರತಿಕೂಲ ವರದಿ ಕೊಟ್ರೆ ಮೂರು ದಿನದೊಳಗೆ ಅದನ್ನ ಬರವಣಿಗೆಯಲ್ಲಿ ಆ ಟೀಚರ್ರಿಗೇ ಕೊಡ್ಬೇಕು. ಹಾಗಾಗಿ ಸಾಕ್ಷಿಗಳು ಹೆದರ್ಕೊಂಡು ಬಾಯಿ ಬಿಡಲ್ಲ, ಯೂನಿಯನ್ನಿನೋರನ್ನ ಕೇಳ್ಕೊಂಡು ಬರ್ತೀನಿ ಅಂತಾರೆ, ಕೇಳ್ಕೊಂಡು ಬರ್ಲಿ ಬಿಡಿ, ಅವಸರ ಮಾಡ್ಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಅನುಮಾನ ಇದ್ರೆ ಈ ನಿಯಮ ಅನ್ವಯ ಆಗಲ್ಲ, ಅದನ್ನ ಸಾಕ್ಷಿಗೆ ಬಿಡಿಸಿ ಹೇಳಿ.

ಸಾಕ್ಷ್ಯ ಕಲೆಹಾಕೋದ್ರ ಬಗ್ಗೆ ಒಂದೇ ತೀರ್ಪು ಓದೋ ಟೈಮ್ ಇದ್ರೆ 2024ರ ಜೂನಲ್ಲಿ ಕೆನಡಾ ಸುಪ್ರೀಂ ಕೋರ್ಟು ಯಾರ್ಕ್ ರೀಜನ್ ಬೋರ್ಡು ಮತ್ತೆ ಎಟ್ಫೋ ಕೇಸಲ್ಲಿ ಕೊಟ್ಟಿದ್ದನ್ನ ಓದಿ. ಇಬ್ರು ಟೀಚರ್ಸು ಸ್ಕೂಲಲ್ಲಿ ತಮಗನ್ಸಿದ ಬೇಜಾರೆಲ್ಲ ಪರ್ಸನಲ್ ಜಿಮೇಲ್ ಅಕೌಂಟಿನ ಒಂದು ಗೂಗಲ್ ಡಾಕಲ್ಲಿ ಬರ್ಕೊಳ್ತಿದ್ರು, ಪಾಸ್‌ವರ್ಡ್ ಇತ್ತು, ಒಂದಿನ ಟೀಚರ್ ಇಲ್ದಿದ್ದಾಗ ಪ್ರಿನ್ಸಿಪಾಲು ಕ್ಲಾಸಿಗೆ ಹೋಗಿ ಆನ್ ಇದ್ದ ಬೋರ್ಡಿನ ಲ್ಯಾಪ್‌ಟಾಪ್ ಮುಟ್ಟಿದ್ರು, ಡಾಕ್ ತೆರೆದೇ ಇತ್ತು, ಓದಿ ಸ್ಕ್ರಾಲ್ ಮಾಡಿ ತಮ್ಮ ಫೋನಲ್ಲಿ ಫೋಟೋ ಹೊಡ್ಕೊಂಡ್ರು, ಅದ್ರ ಮೇಲೆ ಇಬ್ರಿಗೂ ರೆಪ್ರಿಮ್ಯಾಂಡ್ (ಛೀಮಾರಿ) ಲೆಟರ್. ಆರ್ಬಿಟ್ರೇಟರ್ ಬೋರ್ಡಿನ ಕಡೆಗೇ ಹೇಳಿದ್ರು, ಆದ್ರೆ ಕೊನೆಗೆ ಸುಪ್ರೀಂ ಕೋರ್ಟು ಒಂಟಾರಿಯೋದ ಪಬ್ಲಿಕ್ ಸ್ಕೂಲ್ ಬೋರ್ಡಿಗೆ ಚಾರ್ಟರ್ (ಕೆನಡಾ ಸಂವಿಧಾನದ ಹಕ್ಕುಗಳ ಭಾಗ) ಅನ್ವಯ ಆಗತ್ತೆ, ಅಸಮಂಜಸ ಶೋಧದಿಂದ ಟೀಚರ್ಸಿಗೂ ರಕ್ಷಣೆ ಇದೆ ಅಂತು. ಲ್ಯಾಪ್‌ಟಾಪ್ ಬೋರ್ಡಿಂದು ಅಂದ್ಮಾತ್ರಕ್ಕೆ ಒಳಗಿರೋದೆಲ್ಲ ಬೋರ್ಡಿಂದಲ್ಲ. ಹಾಗಾಗಿ ಯಾರಾದ್ರೂ ಪ್ರಿನ್ಸಿಪಾಲು "ಸಿಕ್ಕಿದೆ ನೋಡಿ" ಅಂತ ಸ್ಕ್ರೀನ್‌ಶಾಟ್ ಕಳಿಸಿದ್ರೆ ಖುಷಿಪಡೋಕೆ ಮುಂಚೆ ಅದು ಹೇಗೆ ಸಿಕ್ತು ಅಂತ ಕೇಳಿ, ಇನ್ನಷ್ಟು ಹುಡುಕ್ಬೇಡಿ ಅನ್ನಿ, ಬೋರ್ಡಿನ ಲಾಯರಿಗೆ ಫೋನ್ ಹಾಕಿ.

ರಿಪೋರ್ಟಲ್ಲಿ ಒಂದೊಂದು ಆರೋಪಕ್ಕೂ ಬೇರೆ ಬೇರೆ ತೀರ್ಮಾನ ಬರೀರಿ. ಮಾನದಂಡ ಏನಂದ್ರೆ, ಆ ಘಟನೆ ನಡೆದಿರೋ ಸಾಧ್ಯತೆ ಹೆಚ್ಚೋ ನಡೆಯದಿರೋ ಸಾಧ್ಯತೆ ಹೆಚ್ಚೋ ಅನ್ನೋದು, ಕ್ರಿಮಿನಲ್ ಕೇಸಿನ ಥರ ಸಂಶಯಾತೀತವಾಗಿ ಅಲ್ಲ. ಇಬ್ರು ಎರಡು ಥರ ಹೇಳಿದಾಗ ಯಾರನ್ನ ನಂಬೋದು ಅನ್ನೋದಕ್ಕೆ ಇಲ್ಲಿ ಎಲ್ರೂ 1951ರ ಫರೀನಾ ವರ್ಸಸ್ ಚೋರ್ನಿ ತೀರ್ಪು ಹಿಡೀತಾರೆ, ಅದ್ರ ಸಾರ ಇಷ್ಟೇ, ಕಣ್ಣಲ್ಲಿ ನೀರು ಬಂತು ದನಿ ನಡುಗ್ತು ಅನ್ನೋದಕ್ಕಿಂತ, ಅವ್ರು ಹೇಳಿದ್ದು ಆ ಜಾಗ ಆ ಹೊತ್ತಿಗೆ ಹೊಂದತ್ತಾ ಅಂತ ನೋಡಿ. ನನ್ನ ಪ್ರಕಾರ ಇದು ನಮಗೆ ಇನ್ನೂ ಮುಖ್ಯ, ಯಾಕಂದ್ರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ದೆ ತಲೆ ತಗ್ಗಿಸೋದು ನಮ್ಮ ಕಡೆ ಮರ್ಯಾದೆ, ಇಲ್ಲಿ ಕೆಲವ್ರಿಗೆ ಅದೇ ಸುಳ್ಳಿನ ಲಕ್ಷಣವಾಗಿ ಕಾಣತ್ತೆ.

ಆಮೇಲಿಂದು ಶಿಸ್ತು ಕ್ರಮ. ಸಾಲದ್ದಕ್ಕೆ ಒಂದು ಗಡುವೂ ಇದೆ, ವೃತ್ತಿ ದುರ್ನಡತೆಗಾಗಿ ಟೀಚರ್ರನ್ನ ತೆಗೆದ್ರೆ, ಸಸ್ಪೆಂಡ್ ಮಾಡಿದ್ರೆ, ಕೆಲ್ಸಕ್ಕೆ ಮಿತಿ ಹಾಕಿದ್ರೆ 30 ದಿನದೊಳಗೆ ಒಂಟಾರಿಯೋ ಕಾಲೇಜ್ ಆಫ್ ಟೀಚರ್ಸಿಗೆ ತಿಳಿಸ್ಲೇಬೇಕು, ಅದು ಹೆಸರಿಗೆ ಕಾಲೇಜು, ನಿಜಕ್ಕೂ ಲೈಸೆನ್ಸ್ ಕೊಡೋ ಸಂಸ್ಥೆ. ಗ್ರೀವೆನ್ಸ್ ಬಂದ್ರೆ ಆರ್ಬಿಟ್ರೇಟರ್ ನೋಡೋದು, ಶಿಸ್ತಿಗೆ ಕಾರಣ ಇತ್ತಾ, ಇದ್ರೆ ಕೊಟ್ಟಿದ್ದು ಜಾಸ್ತಿ ಆಯ್ತಾ, ಆಗಿದ್ರೆ ಅದ್ರ ಬದಲು ಏನು ಸರಿ. ಈ ಮೂರನ್ನ ಲೆಟರ್ ಕಳಿಸೋಕೆ ಮುಂಚೆ ನೀವೇ ಕೇಳ್ಕೊಂಡ್ಬಿಟ್ರೆ ಎಷ್ಟೋ ಕೇಸು ಹಿಯರಿಂಗ್ ತನಕ ಹೋಗಲ್ಲ.

ಕೆಲ್ಸಕ್ಕೆ ಸೇರೋ ದಾರಿ: ಎಚ್‌ಆರ್‌ಪಿಎ ಕಡೆಯಿಂದ ಸಿಎಚ್‌ಆರ್‌ಪಿನೋ ಸಿಎಚ್‌ಆರ್‌ಎಲ್ಲೋ ಮಾಡ್ಕೊಳ್ಳಿ (ಮೊದಲನೇದು ಒಂಟಾರಿಯೋದ ಎಚ್ಆರ್ ವೃತ್ತಿ ಸಂಸ್ಥೆ, ಉಳಿದೆರಡು ಅದು ಕೊಡೋ ಸರ್ಟಿಫಿಕೇಟು), ಬೋರ್ಡುಗಳ ವೆಬ್‌ಸೈಟು, ಅಪ್ಲೈ ಟು ಎಜುಕೇಶನ್ ಸೈಟು ಎರಡೂ ನೋಡ್ತಿರಿ, ಲೇಬರ್ ರಿಲೇಶನ್ಸ್ ಆಫೀಸರ್ ಅನ್ನೋ ಹೆಸರಲ್ಲಿ ಬರತ್ತೆ. ಸ್ವಂತವಾಗಿ ಹೊರಗಿನ ತನಿಖೆ ಮಾಡ್ತೀನಿ ಅನ್ನೋರು ಲಾಯರ್ ಆಗಿರ್ಬೇಕು ಇಲ್ಲಾಂದ್ರೆ ಪ್ರೈವೇಟ್ ಇನ್‌ವೆಸ್ಟಿಗೇಟರ್ ಲೈಸೆನ್ಸ್ ಬೇಕು, ಸುಮ್ನೆ ಬೋರ್ಡ್ ಹಾಕ್ಕೊಂಡು ಕೂರೋಕಾಗಲ್ಲ. ರೆಸ್ಯೂಮೆಲಿ 'ಡೊಮೆಸ್ಟಿಕ್ ಎನ್‌ಕ್ವೈರಿ' ಅಂತ ಬರೀಬೇಡಿ, ಇಲ್ಲಿನೋರಿಗೆ ಅರ್ಥ ಆಗಲ್ಲ, ಎಷ್ಟು ಯೂನಿಯನ್ ಜೊತೆ ಒಪ್ಪಂದಕ್ಕೆ ಕೂತಿದ್ರಿ, ಎಂಥ ದೂರುಗಳ ತನಿಖೆ ಮಾಡಿದ್ರಿ, ಲೇಬರ್ ಕೋರ್ಟಲ್ಲಿ ಏನಾಯ್ತು ಅಂತ ನೇರವಾಗಿ ಬರೀರಿ. ಮತ್ತೆ ಇಂಟರ್ವ್ಯೂಲಿ "ಟೀಚರ್ ಮಗುವಿನ ಕೈ ಹಿಡಿದು ಎಳೆದ್ರು ಅಂತ ಪೇರೆಂಟ್ ಫೋನ್ ಮಾಡಿದಾರೆ, ಮೊದ್ಲು ಏನ್ ಮಾಡ್ತೀರಿ" ಅನ್ನೋ ಥರದ ಪ್ರಶ್ನೆ ಬಂದ್ರೆ, ಟೀಚರ್ರನ್ನ ಕರೆಸಿ ವಿಚಾರಿಸ್ತೀನಿ ಅನ್ಬೇಡಿ.