‘ಸರಿ ಇದೆ’ ಎಂದು ಬರೆದರೆ ಸಾಲದು: ಕಟ್ಟಡದ ತಪಾಸಣಾ ವರದಿ ಹೀಗಿರಲಿ

ಕಲಬುರಗಿಯ ಸೇಡಂ ರಸ್ತೆ ಕಡೆ ನಾವಿರುವ ಅಪಾರ್ಟ್‌ಮೆಂಟಿಗೆ ಕಸ ಗುಡಿಸುವವರು, ವಾಚ್‌ಮನ್‌ಗಳು, ಪಂಪು ನೋಡಿಕೊಳ್ಳುವವರು ಎಲ್ಲ ಒಂದೇ ಏಜೆನ್ಸಿಯಿಂದ ಬರುತ್ತಿದ್ದರು. ತಿಂಗಳ ಕೊನೆಗೆ ಬಿಲ್ಲಿನ ಜೊತೆ ಎರಡು ಪುಟದ ತಪಾಸಣಾ ವರದಿ. ಅದರಲ್ಲಿ 30 ಸಾಲು, ಅಷ್ಟಕ್ಕೂ ಒಂದೇ ಉತ್ತರ: ‘ಸರಿ ಇದೆ’. ಒಂದು ವರ್ಷ ರೋಹಿಣಿ ಮಳೆ ರಾತ್ರಿಯಿಡೀ ಹೊಡೆಯಿತು. ಮಾಳಿಗೆ ಮೇಲೆ ನಿಂತ ನೀರು ಮೆಟ್ಟಿಲಿಗುಂಟ ಇಳಿದು ಲಿಫ್ಟಿನ ಗುಂಡಿ ಸೇರಿತು. ಮಳೆನೀರಿನ ಕೊಳವೆಯ ಬಾಯಿಗೆ ಕೈ ಹಾಕಿದರೆ ಬೇವಿನ ಎಲೆ, ಒಡೆದ ಫರಸಿ ಚೂರು, ಒಂದು ಸಿಮೆಂಟ್ ಚೀಲ. ಐದು ದಿನದ ಹಿಂದಿನ ವರದಿ ತೆಗೆದು ನೋಡಿದೆವು. ‘ಮಾಳಿಗೆ: ಸರಿ ಇದೆ.’ ಲಿಫ್ಟು ರಿಪೇರಿಯಾಗುವವರೆಗೆ, ಅಂದರೆ 11 ದಿನ, ನಾಲ್ಕನೇ ಮಹಡಿಯ ಅಜ್ಜಿ ಕೆಳಗಿಳಿಯಲಿಲ್ಲ. ಆಮೇಲೆ ನಾವು ವರದಿಯ ನಮೂನೆಯನ್ನೇ ಹೊಸದಾಗಿ ಬರೆದೆವು. ಏನೇನು ಬದಲಿಸಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ. ಬಾಡಿಗೆಗೆ ಕೊಟ್ಟ ಮನೆ, ಹಾಸ್ಟೆಲ್, ಅಂಗಡಿ ಸಾಲು ಯಾವುದಕ್ಕಾದರೂ ಹೊಂದುತ್ತದೆ.

ಮೊದಲು ಜಾಗ ಬರೆಯಿರಿ

‘ಸ್ವಚ್ಛತೆ’, ‘ಪ್ಲಂಬಿಂಗ್’ ಎಂದು ಕೆಲಸದ ಹೆಸರು ಬರೆದರೆ ಯಾರೂ ಎಲ್ಲಿಗೂ ಹೋಗಿ ನೋಡಬೇಕಾಗುವುದಿಲ್ಲ. ಒಂದು ದಿನ ಮಾಳಿಗೆಯಿಂದ ಸಂಪಿನವರೆಗೆ ನೀವೇ ನಡೆದು, ನಡೆದ ದಾರಿಯಲ್ಲೇ ಜಾಗಗಳ ಪಟ್ಟಿ ಮಾಡಿ: ಮಾಳಿಗೆಯ ನಾಲ್ಕು ಕೊಳವೆ ಬಾಯಿ, ನೀರಿನ ಟ್ಯಾಂಕ್, ಪ್ರತಿ ಮಹಡಿಯ ಮೆಟ್ಟಿಲು, ಮೀಟರ್ ಕೋಣೆ, ಅರ್ಥಿಂಗ್ ಗುಂಡಿ, ಗೇಟು. ಪ್ರತಿ ಜಾಗಕ್ಕೂ ಒಂದು ನಂಬರ್ ಕೊಟ್ಟು ಗೋಡೆಯ ಮೇಲೆ ಪೇಂಟಿನಲ್ಲಿ ಬರೆಸಿ. ನಮ್ಮಲ್ಲಿ ಇಂಥ 22 ಜಾಗಗಳಿವೆ. ಬೇಸಿಗೆಯಲ್ಲಿ ಮಾಳಿಗೆಯ ಸುತ್ತು ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಸರ್ಕಾರಿ ಕಚೇರಿಗಳೇ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ, ಆ ಹೊತ್ತಲ್ಲಿ ಮನುಷ್ಯನನ್ನು ಮೇಲೆ ಹತ್ತಿಸಬಾರದು.

‘ಹೌದು–ಇಲ್ಲ’ ಬದಲು ಅಳತೆ ಕೇಳಿ

ನಿಜವಾದ ವ್ಯತ್ಯಾಸ ಬಂದದ್ದು ಇಲ್ಲಿ. ‘ನೀರು ಸರಬರಾಜು ಸರಿ ಇದೆಯೇ?’ ಎಂದು ಕೇಳಿದರೆ ‘ಹೌದು’ ಎನ್ನುವುದು ಸುಲಭ. ‘ಬೆಳಿಗ್ಗೆ ಆರಕ್ಕೆ ಸಂಪಿನಲ್ಲಿ ನೀರು ಎಷ್ಟು ಸೆಂಟಿಮೀಟರ್?’ ಎಂದು ಕೇಳಿದರೆ ಕೋಲು ಇಳಿಸಿ ನೋಡಲೇಬೇಕು.

ಟ್ಯಾಂಕರ್ ತರಿಸುವವರು ಈ ಲೆಕ್ಕ ಗಮನಿಸಿ. ಸಂಪು 3 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ ಪ್ರತಿ 10 ಸೆಂ.ಮೀ. ಏರಿಕೆಗೆ 600 ಲೀಟರ್. 5000 ಲೀಟರಿನ ಟ್ಯಾಂಕರ್ ಪೂರ್ತಿ ಖಾಲಿಯಾದರೆ ನೀರು ಸುಮಾರು 83 ಸೆಂ.ಮೀ. ಏರಬೇಕು. 65 ಸೆಂ.ಮೀ. ಮಾತ್ರ ಏರಿದರೆ ನಿಮಗೆ ಸಿಕ್ಕಿದ್ದು 3900 ಲೀಟರ್. ಅಳೆಯುವಾಗ ಪಂಪು ಬಂದ್ ಇರಬೇಕು, ನಲ್ಲಿ ನೀರೂ ಸಂಪಿಗೆ ಬೀಳುತ್ತಿರಬಾರದು. ಒಂದು ಉದ್ದನೆಯ ಕೋಲಿಗೆ ಗುರುತು ಹಾಕಿ ಇಟ್ಟರೆ ಸಾಕು, ಯಾವ ಯಂತ್ರವೂ ಬೇಡ.

ಜನರೇಟರಿಗೂ ಇದೇ ರೀತಿ. ಅದರ ಮೇಲಿರುವ ಗಂಟೆ ಮೀಟರಿನ ಅಂಕಿಯನ್ನು ತಿಂಗಳ ಮೊದಲ ದಿನ ಬರೆದಿಡಿ. ಹೋದ ತಿಂಗಳು 12 ಗಂಟೆ ಓಡಿ 60 ಲೀಟರ್ ಡೀಸೆಲ್ ಕುಡಿದಿದ್ದರೆ ಗಂಟೆಗೆ 5 ಲೀಟರ್. ಈ ತಿಂಗಳು ಅದು 8 ಆದರೆ ಒಂದೋ ಲೋಡ್ ಹೆಚ್ಚಾಗಿದೆ, ಇಲ್ಲವೇ ಎಂಜಿನ್ ಕೆಟ್ಟಿದೆ, ಇಲ್ಲವೇ ಡೀಸೆಲ್ ಬೇರೆಲ್ಲೋ ಹೋಗಿದೆ. ಯಾರ ಮೇಲೂ ಆರೋಪ ಹೊರಿಸುವ ಮೊದಲು ಮೂರನ್ನೂ ನೋಡಿ.

ಟ್ಯಾಂಕ್ ತೊಳೆದರೋ ಇಲ್ಲವೋ ಎಂಬ ಪ್ರಶ್ನೆಗೆ ತಾರೀಖು ಬರಲಿ. ಕುಡಿಯುವ ನೀರಿನಲ್ಲಿ ಕ್ಲೋರಿನ್ ಬಳಸಿದ್ದರೆ, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಚಿಕ್ಕ ಕಿಟ್ ತಂದರೆ ಬಣ್ಣ ನೋಡಿ ತಿಳಿಯಬಹುದು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ನಿಂತ ನೀರಿನ ಸುತ್ತು ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ.

ಬಿರುಕಿಗೆ ತಾರೀಖು ಹಾಕಿ

ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಜೊತೆ ಕಾಂಪೌಂಡು, ಕೆಲವೊಮ್ಮೆ ಮನೆಯ ಗೋಡೆಯೂ ಅಲುಗಾಡುತ್ತದೆ. ‘ಗೋಡೆಯಲ್ಲಿ ಬಿರುಕು ಇದೆ’ ಎಂದು ವರದಿಯಲ್ಲಿ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅಗಲವಾದ ಕಡೆ ಸ್ಕೇಲು ಹಿಡಿದು ಫೋಟೊ ತೆಗೆಯಿರಿ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸುವುದು ಹಳೆಯ ಉಪಾಯ, ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಮೇ ತಿಂಗಳ ಅಳತೆಯನ್ನು ಬರುವ ವರ್ಷದ ಮೇ ಜೊತೆ ಹೋಲಿಸಿ. ಸೆಪ್ಟೆಂಬರಿನಲ್ಲಿ ಅದು ಕಿರಿದಾಗಿ ಕಂಡರೆ ವಾಸಿಯಾಯಿತು ಎಂದುಕೊಂಡು ಸುಣ್ಣ ಬಳಿದುಬಿಡಬೇಡಿ.

ಹೊಸ ಫ್ಲ್ಯಾಟ್ ಕೊಂಡವರಿಗೆ ಈ ಫೋಟೊಗಳು ಇನ್ನೊಂದಕ್ಕೂ ಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು, ಸ್ವಾಧೀನ ಪಡೆದ 5 ವರ್ಷದೊಳಗೆ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ದೋಷ ಯಾವಾಗ ಕಂಡಿತು ಎಂಬುದಕ್ಕೆ ತಾರೀಖಿರುವ ವರದಿಗಿಂತ ಒಳ್ಳೆಯ ಪುರಾವೆ ಸಾಮಾನ್ಯರ ಕೈಯಲ್ಲಿ ಇರುವುದಿಲ್ಲ.

ಯಾರು ನೋಡಬೇಕು?

ಏಜೆನ್ಸಿಯ ಸೂಪರ್‌ವೈಸರ್ ಜೊತೆ ನಿವಾಸಿಯೊಬ್ಬರು ನಡೆಯಲಿ, ಪ್ರತಿ ತಿಂಗಳು ಬೇರೆಯವರು. ಗೃಹಿಣಿಯರು ಸುತ್ತಿಗೆ ಹೋದ ತಿಂಗಳಲ್ಲೆಲ್ಲ ನಮ್ಮ ವರದಿಯಲ್ಲಿ ಎರಡು ಪಟ್ಟು ಹೆಚ್ಚು ಅಂಶ ಇರುತ್ತದೆ, ಇದು ನಾನು ಕಂಡ ಸತ್ಯ. ಸುತ್ತಿನ ದಿನ ಮೊದಲೇ ಗೊತ್ತಿರಲಿ. ವರ್ಷಕ್ಕೆರಡು ಸಲ ಮಾತ್ರ ಹೇಳದೆ ರಾತ್ರಿ ಹೋಗಿ.

ಕಸ ಗುಡಿಸುವ ಹೆಣ್ಣುಮಗಳನ್ನು ವರದಿಯಲ್ಲಿ ಬೈಯುವ ಮೊದಲು ಅವಳಿಗೆ ಕೈಗವಸು, ಫಿನಾಯಿಲ್, ಸವೆಯದ ಪೊರಕೆ ಕೊಟ್ಟಿದ್ದೇವೆಯೇ ಕೇಳಿ. ‘ನಾವು ಕೊಡದೇ ಇದ್ದದ್ದು’ ಎಂಬ ಒಂದು ಕಾಲಂ ನಮ್ಮ ನಮೂನೆಯಲ್ಲಿದೆ, ಅದು ಖಾಲಿ ಇದ್ದ ತಿಂಗಳು ಕಡಿಮೆ. ಶೌಚಗುಂಡಿಗೆ ಯಾರನ್ನೂ ಇಳಿಸಬಾರದು. ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅಪರಾಧವೆನ್ನುತ್ತದೆ, ಗುಂಡಿಯೊಳಗಿನ ಗಾಳಿ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಯಂತ್ರದ ಗಾಡಿ ಬಂದ ತಾರೀಖು, ಅದರ ರಸೀದಿ ವರದಿಗೆ ಲಗತ್ತಿಸಿ.

ಹಳೆಯ ಬಾಕಿ ಮೊದಲ ಪುಟದಲ್ಲಿ

ಹೊಸ ವರದಿ ಹಳೆಯದರ ಬಾಕಿಯಿಂದ ಶುರುವಾಗಲಿ: ಏನು ಬಾಕಿ, ಯಾರು ಮಾಡಬೇಕು, ಯಾವ ತಾರೀಖಿಗೆ ಒಪ್ಪಿದ್ದರು, ಎಷ್ಟು ದಿನ ಆಯಿತು. ‘ಮೂರನೇ ಮಹಡಿ ದೀಪ, 47 ದಿನ’ ಎಂದು ಬರೆದ ಹಾಳೆ ನೋಟಿಸ್ ಬೋರ್ಡಿಗೆ ಹತ್ತಿದಾಗ ಮರುದಿನವೇ ದೀಪ ಉರಿಯಿತು.

ಮೂರು ತಿಂಗಳ ವರದಿಗಳನ್ನು ಒಟ್ಟಿಗೆ ಹರಡಿಕೊಂಡು ಓದಿ. ಒಂದೇ ದೂರು ಮೂರು ಸಲ ಬಂದಿದ್ದರೆ ರಿಪೇರಿ ಆಗಿದೆ, ಕಾರಣ ಹಾಗೇ ಉಳಿದಿದೆ. ನಮ್ಮ ಪಂಪಿನ ಸೀಲು ಪದೇ ಪದೇ ಹೋಗುತ್ತಿತ್ತು. ಸಂಪಿನ ಅಳತೆ ಪಕ್ಕದಲ್ಲಿಟ್ಟು ನೋಡಿದಾಗ, ನೀರು ತಳ ಸೇರಿದ ದಿನಗಳಲ್ಲೇ ಪಂಪು ಒಣದಾಗಿ ಓಡಿತ್ತು ಎಂಬುದು ತಿಳಿಯಿತು. ನೀರು ತಳ ಸೇರಿದರೆ ಪಂಪನ್ನು ತಾನೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿಸಿದೆವು, ದೂರು ನಿಂತಿತು.

ಕೆಲವು ಏಜೆನ್ಸಿಗಳು ಎಲ್ಲವನ್ನೂ ಕೂಡಿಸಿ ‘ಶೇ 92 ಅಂಕ’ ಎಂದು ಕೊಡುತ್ತವೆ. ಅದನ್ನು ನಾನು ಒಪ್ಪುವುದಿಲ್ಲ. ಗಿಡಕ್ಕೆ ನೀರು ಹಾಕಿದ ಅಂಕ, ಲಿಫ್ಟಿನ ಅಲಾರಂ ಬಾರಿಸದ ತಪ್ಪನ್ನು ಮುಚ್ಚಬಾರದು. ಲಿಫ್ಟು, ವಿದ್ಯುತ್ತು, ಬೆಂಕಿ, ಕುಡಿಯುವ ನೀರು ಈ ನಾಲ್ಕರಲ್ಲಿ ಒಂದು ಕೆಟ್ಟರೂ ಆ ತಿಂಗಳ ವರದಿ ಅನುತ್ತೀರ್ಣ. ಬಿಲ್ಲಿನಲ್ಲಿ ಹಣ ಹಿಡಿಯುವುದಾದರೆ ಯಾವುದಕ್ಕೆ ಎಷ್ಟು ಎಂಬುದು ಕರಾರಿನಲ್ಲೇ ಇರಬೇಕು. ಆಮೇಲೆ ಸೇರಿಸಿದರೆ ಜಗಳವೇ ಹೊರತು ಕೆಲಸ ಆಗದು.

ಮೊದಲ ಸುತ್ತಿಗೆ ಟಾರ್ಚು, ಟೇಪು, ಪೆನ್ಸಿಲು, ನಾಲ್ಕು ಬಕೆಟ್ ನೀರು ಸಾಕು. ಮೃಗಶಿರಾ ಹುಟ್ಟುವ ಮೊದಲೇ ಮಾಳಿಗೆಗೆ ಹೋಗಿ, ಪ್ರತಿ ಕೊಳವೆ ಬಾಯಿಗೆ ಒಂದೊಂದು ಬಕೆಟ್ ಸುರಿದು, ಎಷ್ಟು ಸೆಕೆಂಡಿನಲ್ಲಿ ನೀರು ಇಳಿಯಿತು ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಕೆಳಗೊಬ್ಬರು ನಿಂತು, ಅದು ಚರಂಡಿಗೇ ಬಿತ್ತೇ ನೋಡಲಿ.