ಅರೆಜೀವದ ಇಂಜಿನ್, ಹೊಲದ ನೆತ್ತಿಯ ಮೇಲೊಂದು ಸುತ್ತು

ಇಂಜಿನ್ ಕೈಕೊಟ್ಟಾಗ ಹೊಲದ ಪಕ್ಕದಲ್ಲಿ ಮಾಮೂಲಿ ಆಯತದ ಸರ್ಕ್ಯೂಟ್ (ಇಳಿಯುವ ಮುನ್ನ ಹಾಕುವ ಸುತ್ತು) ಹಾಕಿ ಇಳಿಯಬೇಕು, ನೆತ್ತಿಯಿಂದ ಸುತ್ತಿಳಿಯುವುದು ಸಣ್ಣ ವಿಮಾನಕ್ಕೆ ಹೊಂದುವುದಿಲ್ಲ ಎಂದು ಜೊತೆಯ ಪೈಲಟ್‌ಗಳು ವಾದಿಸುತ್ತಿದ್ದರು. ಒಂದೇ ಇಂಜಿನ್ನಿನ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಅದು ಚೆನ್ನಾಗಿ ಹೊಂದುತ್ತದೆ. ಈಚೆಗೆ ನಿಜವಾದ ತೊಂದರೆಯಲ್ಲೇ ಹೊಂದಿತು.

ಹೈ ಕೀ, ಅಂದರೆ ಇಳಿಯುವ ಜಾಗದ ನೆತ್ತಿ, ನೆಲದಿಂದ 1,500 ಅಡಿ. ಅರ್ಧ ಸುತ್ತಿ ಪಕ್ಕಕ್ಕೆ ಬಂದಾಗ 1,000 ಅಡಿಯ ಆಸುಪಾಸು, ಅದು ಲೋ ಕೀ. ವೇಗ 65 ನಾಟ್, ತಿರುಗುವಾಗ ರೆಕ್ಕೆಯ ವಾಲು 30 ಡಿಗ್ರಿ ಮೀರಬಾರದು. ಗುರಿ ಹೊಲದ ಅಂಚಲ್ಲ, ಮೂರನೇ ಒಂದು ಭಾಗ ಒಳಗೆ. ತಲುಪುವುದು ಖಚಿತವಾದ ಮೇಲೆ ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಹಲಗೆ) ಬಿಟ್ಟು ಗುರಿಯನ್ನು ಹೊಲದ ಅಂಚಿನತ್ತ ಹಿಂದಕ್ಕೆ ಎಳೆದುಕೊಳ್ಳುವುದು.

ಅಭ್ಯಾಸದಲ್ಲಿ ಬಹಳ ದಿನ ಕಾಡಿದ್ದು ಎತ್ತರ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ (ಇಂಜಿನ್ ಶಕ್ತಿಯ ಹಿಡಿ) ಮುಚ್ಚಿ ಇಂಜಿನ್ ನಿಧಾನ ತಿರುಗುವಾಗ, ಸರಿಬಂದ ಎತ್ತರ ಸತ್ತ ಇಂಜಿನ್‌ಗೆ ಸಾಲದು. ಐಡಲ್ ಇಂಜಿನ್ ಒಂದಿಷ್ಟು ಎಳೆಯುತ್ತದೆ, ಸತ್ತದ್ದರ ಪ್ರೊಪೆಲರ್ ಗಾಳಿಗೆ ತಿರುಗುತ್ತ ವಿಮಾನವನ್ನೇ ತಡೆಯುತ್ತದೆ. ಅದಕ್ಕೆಂದೇ ಹೈ ಕೀಗೆ 200 ಅಡಿ ಸೇರಿಸಿಕೊಂಡೆ. ಎದುರುಗಾಳಿ ಜೋರಿದ್ದರೆ ಅದೂ ಸಾಲದು, ಲೋ ಕೀಯನ್ನೇ ಹೊಲಕ್ಕೆ ಹತ್ತಿರ ತರಬೇಕು. ಅಭ್ಯಾಸದ ಖರ್ಚು ಹೋಗುವುದು ಮತ್ತೆ ಮೇಲೇರುವುದರಲ್ಲಿ: ಒಂದು ಗಂಟೆಯ ಬಾಡಿಗೆಗೆ ಏಳೆಂಟು ಸುತ್ತು ಸಿಕ್ಕರೆ ಹೆಚ್ಚು. ಇಳಿಯುವಾಗ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟದಂತೆ ಬಿಸಿಗಾಳಿ ಕೊಡುವ ಹಿಡಿ) ಎಳೆದಿಟ್ಟು, ಆಗಾಗ ಥ್ರಾಟಲ್ ಕೊಟ್ಟು ಇಂಜಿನ್ ಬೆಚ್ಚಗಿಡಬೇಕು.

ನಡುವೆ ಇನ್ನೊಂದು ಪ್ರಯೋಗ, ಪ್ರೊಪೆಲರ್ ಅಲಗಿನ ಕೋನ ಬದಲಿಸುವ ಲಿವರ್ ಇರುವ ಸೆಸ್ನಾ 182ರಲ್ಲಿ. ಲಿವರನ್ನು ಪೂರ್ತಿ ಹಿಂದಕ್ಕೆ ಎಳೆದರೆ ಇಳಿಯುವ ದರ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಅಲಗು ತಿರುಗುವುದು ಆಯಿಲ್ ಒತ್ತಡದಿಂದ, ಅದು ಹೋಗಿದ್ದರೆ ಮಾತ್ರ ಈ ಆಸೆ ಬೇಡ.

ನಿಜವಾದ ದಿನ ಇಂಜಿನ್ ಪೂರ್ತಿ ಸಾಯಲಿಲ್ಲ. ಜೋರಾಗಿ ನಡುಗಿ ನಿಮಿಷಕ್ಕೆ 1,500 ಸುತ್ತಿಗೆ ಇಳಿಯಿತು. ಕಾರ್ಬ್ ಹೀಟ್, ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣದ ಹಿಡಿ), ಇಂಧನದ ಟ್ಯಾಂಕ್, ಒಂದೊಂದೇ ಮ್ಯಾಗ್ನೆಟೊ (ಕಿಡಿ ಹೊತ್ತಿಸುವ ಸಾಧನ), ಯಾವುದಕ್ಕೂ ಜಗ್ಗಲಿಲ್ಲ. ನನ್ನ ಮಟ್ಟಿಗೆ ಪೂರ್ತಿ ನಿಂತ ಇಂಜಿನ್‌ಗಿಂತ ಇದೇ ಅಪಾಯಕಾರಿ, ಉಳಿದ ಶಕ್ತಿ ದೂರದ ರನ್‌ವೇ ಆಸೆ ಹುಟ್ಟಿಸುತ್ತದೆ. ಆ ಶಕ್ತಿಯನ್ನು ಹೈ ಕೀ ತಲುಪಲು ಮಾತ್ರ ಬಳಸಿ, ಅಲ್ಲಿ ಥ್ರಾಟಲ್ ಮುಚ್ಚಿದೆ. ರೇಡಿಯೊದಲ್ಲಿ ಮೇಡೇ ಎಂಬ ತುರ್ತು ಕರೆ, ಟ್ರಾನ್ಸ್‌ಪಾಂಡರ್‌ನಲ್ಲಿ 7700 ಎಂಬ ತುರ್ತು ಸಂಕೇತ ಎರಡೂ ಅದಕ್ಕೂ ಮೊದಲೇ ಆಗಿದ್ದವು. ಫೈನಲ್‌ನಲ್ಲಿ, ಅಂದರೆ ಹೊಲಕ್ಕೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ, ಮಿಕ್ಸ್ಚರ್ ಕಟ್, ಇಂಧನ ಬಂದ್, ಮ್ಯಾಗ್ನೆಟೊ ಆಫ್, ಬಾಗಿಲ ಚಿಲಕ ತೆಗೆದು, ಫ್ಲಾಪ್ ಪೂರ್ತಿ ಇಳಿದ ಮೇಲೆ ಮಾಸ್ಟರ್ (ವಿದ್ಯುತ್ತಿನ ಮುಖ್ಯ ಸ್ವಿಚ್) ಆಫ್. ಈ 172ರ ಫ್ಲಾಪ್ ವಿದ್ಯುತ್ತಿನದು, ಮಾಸ್ಟರ್ ಮೊದಲೇ ಆರಿಸಿದರೆ ಅದು ಇದ್ದಲ್ಲೇ ನಿಲ್ಲುತ್ತದೆ. ಉಳುಮೆಯ ಸಾಲಿನುದ್ದಕ್ಕೆ ಇಳಿಸಿ, ಮೂತಿಯ ಚಕ್ರವನ್ನು ಆದಷ್ಟು ಹೊತ್ತು ಮೇಲೆ ಹಿಡಿದೆ. ಅಂದುಕೊಂಡ ಜಾಗದಿಂದ ಹೆಚ್ಚೆಂದರೆ 30 ಮೀಟರ್ ಆಚೆ ಚಕ್ರ ತಾಗಿತು.

ಕಾರಣ, ಒಂದು ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವ ಕವಾಟ) ಮಸಿ ಕಟ್ಟಿ, ತಾನು ಜಾರುವ ಕೊಳವೆಯಾದ ಗೈಡ್‌ನಲ್ಲಿ ಸಿಕ್ಕಿಕೊಂಡಿತ್ತು. ಸಿಲಿಂಡರ್ ಬಿಚ್ಚದೆಯೇ ಗೈಡನ್ನು ರೀಮರ್‌ನಿಂದ (ರಂಧ್ರ ಕೆರೆಯುವ ಉಪಕರಣ) ಸ್ವಚ್ಛ ಮಾಡಿಸಿದ್ದರಿಂದ ಸಿಲಿಂಡರ್ ಕೆಲಸದ ಖರ್ಚಿನಲ್ಲಿ ಮುಕ್ಕಾಲು ಪಾಲು ಉಳಿಯಿತು.